ಬಾಗಿಲ ಹಿಂದಿನ ಸಾಕ್ಷಿ

ನಾನು ಒಂದು ಊರುಗೋಲು. ಬಗಲಿಗೆ ಆನಿಸಿಕೊಂಡು ನಡೆಯುವ ಜಾತಿಯದು. ನನ್ನ ಮಾತು ನಂಬಲೇಬೇಕು ಎಂದು ಹಟ ಹಿಡಿಯುವುದಿಲ್ಲ. ನಾನೇ ಈಗ ಯಾರನ್ನೂ ನಂಬುವುದಿಲ್ಲ.

ನಾನು ಹುಟ್ಟಿದ್ದು ಮಿಕ್ಕಿದ ಕಟ್ಟಿಗೆಯಲ್ಲಿ. ನಮ್ಮೂರ ತಾಲ್ಲೂಕು ಕಚೇರಿಗೆ ಬಾಗಿಲು ಮಾಡುವ ಕೆಲಸ ಮೋನಪ್ಪ ಬಡಿಗೇರನಿಗೆ ಸಿಕ್ಕಿತ್ತು. ಸಾಗವಾನಿ ತೊಲೆಯ ದೊಡ್ಡ ಪಾಲು ಬಾಗಿಲಾಯಿತು, ಅಂಚಿನ ತುಂಡು ನಾನಾದೆ. ಅಣ್ಣನಿಗೆ ಸರ್ಕಾರಿ ನೌಕರಿ. ನನಗೆ ಮೋನಪ್ಪನ ಮಗಳು ಕಾಳಿಕಾಳ ಬಗಲು. ಪೋಲಿಯೋ ಬಂದು ಅವಳ ಎಡಗಾಲು ಎಳೆತನದಲ್ಲೇ ಸೊರಗಿತ್ತು. ಮೋನಪ್ಪ ನನ್ನ ತಲೆಗೆ ಹಳೆಯ ಸೀರೆ ಸುತ್ತಿ, ಪಾದಕ್ಕೆ ಟೈರಿನ ತುಂಡು ಬಡಿದು, "ಇನ್ನ ಯಾರ ಕೈನೂ ಹಿಡೀಬ್ಯಾಡವ್ವಾ" ಎಂದು ಕೊಟ್ಟ. ಅವಳು ಬೆಳೆದಂತೆಲ್ಲ ನನ್ನ ಕೆಳಗೊಂದು ತುಂಡು ಬೆಸೆದು ನನ್ನನ್ನೂ ಬೆಳೆಸಿದ.

ಅವಳ ಭಾರ ನನಗೆ ಗೊತ್ತು. ಬಾಯಿ ಸುಳ್ಳು ಹೇಳಬಹುದು, ಬಗಲು ಹೇಳುವುದಿಲ್ಲ.

ಕಾಳಿಕಾ ಪಿಯುಸಿ ಮುಗಿಸಿದ ಮೇಲೆ ಅದೇ ತಾಲ್ಲೂಕು ಕಚೇರಿಯಲ್ಲಿ ಒಂದು ಅಟೆಂಡರ್ ಕೆಲಸ ಬಂತು. ಅಂಗವಿಕಲರಿಗೇ ಮೀಸಲು. ಅಂಕದ ಪ್ರಕಾರ ಅವಳ ಹೆಸರೇ ಮೊದಲು, ಅದರ ಕೆಳಗೆ ನಿಂಗರಾಜ ಅನ್ನುವವನದು. ದೊಡ್ಡ ದವಾಖಾನೆಯ ಡಾಕ್ಟರರು ನೋಡಿ, ಊನ ನಲವತ್ತು ಪರ್ಸೆಂಟಿಗೆ ಕಡಿಮೆಯಿಲ್ಲ ಎಂದು ಬರೆದುಕೊಟ್ಟರೆ ಕೆಲಸ ಅವಳದೇ.

ಆ ದಿನ ದವಾಖಾನೆಯ ಸಾಲಿನಲ್ಲಿ ನಾನು ಒಂದು ವಿಚಿತ್ರ ಕಂಡೆ. ಗೇಟಿನಲ್ಲಿ ಸಣ್ಣಗೆ ಕುಂಟುತ್ತಿದ್ದವರು ಡಾಕ್ಟರ ಬಾಗಿಲು ಹತ್ತಿರವಾದಂತೆ ದೊಡ್ಡದಾಗಿ ಕುಂಟುತ್ತಿದ್ದರು. ಮುಂದೆ ನಿಂತಿದ್ದ ಮುದುಕಿಯೊಬ್ಬಳು ತಿರುಗಿ ಹೇಳಿದಳು: "ಯವ್ವಾ, ಒಳಗ ಹೋಗೂವಾಗ ಸೊಲ್ಪ ಜೋರ್ ಕುಂಟು. ಇಲ್ಲಾಂದ್ರ ಇವರಿಗೆ ಕಣ್ಣ ಕಾಣಂಗಿಲ್ಲ."

ಮೋನಪ್ಪನಿಗೆ ರೇಗಿತು. "ನನ್ನ ಮಗಳು ನೌಕರಿ ಕೇಳಾಕ ಬಂದಾಳ, ಭಿಕ್ಷಾ ಬೇಡಾಕಲ್ಲ. ಬಾಗಲಾ ಮಾಡಿ ಕೊಡೂವಾಗ ಗಂಟಿದ್ದ ಮಗ್ಗಲಾ ತೋರಸ್ತೀವೇನು? ನುಣುಪು ಮಗ್ಗಲಾ ತೋರಸ್ತೀವಿ. ಕಾಳೀ, ಕೋಲು ಇಲ್ಲೇ ಬಿಟ್ಟು ಗಟ್ಟಿ ನಡದು ಹೋಗು."

ಬಡಿಗನ ಬುದ್ಧಿ. ಮಾಲು ಚೆನ್ನಾಗಿದ್ದರೆ ಕೊಳ್ಳುತ್ತಾರೆ ಎಂದು ನಂಬಿದವನು. ಒಳಗಿನ ಬಜಾರು ಉಲ್ಟಾ ಎಂದು ಅವನಿಗೆ ಯಾರು ಹೇಳಬೇಕು?

ಅಷ್ಟರಲ್ಲಿ ನಿಂಗರಾಜ ಬಂದ. ಗೇಟಿನ ಬಳಿ ಬೈಕು ನಿಲ್ಲಿಸಿ, ಎರಡೂ ಕಾಲಲ್ಲಿ ನೆಟ್ಟಗೆ ನಡೆದು ಬಂದವನು ಸಾಲು ಸೇರಿದ ಮೇಲೆ ಎಡಗಾಲು ಹಿಡಿದುಕೊಂಡ.

"ತಂಗೀ, ಕಾಲು ಭಾಳ ಹರಿಯಾಕತ್ತೈತಿ. ಒಂದೀಟು ಕೋಲು ಕೊಡು, ಹೋಗಿ ಬಂದ್ಬಿಡ್ತೀನಿ."

"ತಗೋ ಅಣ್ಣಾ" ಎಂದಳು. ನೋವು ಅಂದವರ ಮೇಲೆ ಅನುಮಾನಪಡುವುದು ಆ ಹುಡುಗಿಗೆ ಗೊತ್ತಿರಲಿಲ್ಲ.

ಅವನ ಬಗಲಿಗೆ ಹೋದದ್ದೇ ತಡ, ನನಗೆ ತಿಳಿಯಿತು. ಭಾರವೇ ಇಲ್ಲ! ನಾನು ಅವನನ್ನು ಹೊರಲಿಲ್ಲ, ಅವನೇ ನನ್ನನ್ನು ಹೊತ್ತುಕೊಂಡು ಹೋದ. ಒಳಗೆ ಯಾರೂ ಅವನ ಕಾಲು ಮುಟ್ಟಲಿಲ್ಲ. ಫೋನು ಬಂತು, ಡಾಕ್ಟರು "ಆಯ್ತು ಆಯ್ತು, ಬಂದಿದ್ದಾರೆ" ಎಂದರು, ಬರೆದರು. ಆ ಫೋನು ಯಾರದು? ನನಗಿರುವುದು ಅನುಮಾನ ಮಾತ್ರ. ಕೋಲಿಗೆ ಅದಕ್ಕಿಂತ ಹೆಚ್ಚು ಯಾರು ಕೊಡುತ್ತಾರೆ?

ಅವನು ನನ್ನನ್ನು ತಂದು ಮೋನಪ್ಪನ ಕೈಗಿಟ್ಟ. ಈಗ ಕಾಳಿಕಾ ಹೋದಳು. ನನ್ನನ್ನು ಒಯ್ಯಲಿಲ್ಲ. ತೊಡೆಯ ಮೇಲೆ ಕೈ ಊರಿ, ಹಲ್ಲು ಕಚ್ಚಿ, ತಲೆ ಎತ್ತಿ ನಡೆದಳು. ಬಾಗಿಲು ತೆರೆದೇ ಇತ್ತು.

"ಅರೆ, ಚೆನ್ನಾಗೇ ನಡೀತೀಯಲ್ಲಮ್ಮ!"

"ಹೌದ್ರೀ ಸರ್. ಎಲ್ಲಾ ಕೆಲಸಾನೂ ಮಾಡ್ತೀನ್ರೀ."

ನಗುನಗುತ್ತಾ ಹೊರಗೆ ಬಂದಳು. ಮೋನಪ್ಪ ಅವಳ ಬೆನ್ನು ತಟ್ಟಿದ. ಕಾಗದ ಬಂದ ಮೇಲೆ ಗೊತ್ತಾಯಿತು. ಅವಳದು ನಲವತ್ತಕ್ಕಿಂತ ಕಡಿಮೆ, ನಿಂಗರಾಜನದು ಹೆಚ್ಚು. ಕೆಲಸ ಅವನಿಗೆ.

ಮೋನಪ್ಪ ಮೇಲಿನವರಿಗೆ ಅರ್ಜಿ ಹಾಕಿದ, ಅಲೆದ. ಕೊನೆಗೆ ಬೇರೊಬ್ಬ ಡಾಕ್ಟರು ಟೇಪು ಹಿಡಿದು ಎರಡೂ ಕಾಲು ಅಳೆದರು, ಸರಿಯಾಗಿ ಬರೆದರು. ಆ ಟೇಪು ಮೊದಲ ದಿನ ಎಲ್ಲಿ ಸತ್ತಿತ್ತು? ಅಷ್ಟರಲ್ಲಿ ನಿಂಗರಾಜ ನನ್ನ ಅಣ್ಣನನ್ನು ದಿನವೂ ತೆರೆದು ಮುಚ್ಚುತ್ತಿದ್ದ.

ನನಗೂ ವಯಸ್ಸಾಗಿತ್ತು, ಪಾದ ಸೀಳಿತ್ತು. ಮೋನಪ್ಪ ಮಗಳಿಗೆ ಹೊಸ ಕೋಲು ಮಾಡಿದ. ಒಂದು ದಿನ ಅವಳು ಹೊಸದನ್ನು ಊರಿಕೊಂಡು, ನನ್ನನ್ನು ಅಪ್ಪನ ಕೈಗೆ ಕೊಟ್ಟು, ತಾಲ್ಲೂಕು ಕಚೇರಿಗೆ ಹೋದಳು. ಸಾಹೇಬರ ಮೇಜಿನ ಮೇಲೆ ನನ್ನನ್ನು ಇಡಿಸಿ, "ಅವತ್ತು ಅಂವ ಒಳಗ ಹೋಗಿದ್ದು ಈ ಕೋಲು ಇಟಕೊಂಡ್ರೀ. ಇದು ನಂದ್ರೀ" ಎಂದಳು.

ಸಾಹೇಬರು ನಕ್ಕರು. "ಕೋಲು ಬಂದು ಸಾಕ್ಷಿ ಹೇಳ್ತದೇನಮ್ಮ?"

ಆಗಲೇ ನಿಂಗರಾಜ ಚಹಾದ ತಟ್ಟೆ ಹಿಡಿದು ದಡದಡ ಒಳಗೆ ಬಂದ. ಕಾಳಿಕಾಳನ್ನು ನೋಡಿದ. ನನ್ನನ್ನು ನೋಡಿದ. ನಿಂತಲ್ಲೇ ಕುಂಟತೊಡಗಿದ. ಚಹಾ ತುಳುಕಿತು.

"ಅಣ್ಣಾ," ಎಂದಳು ಕಾಳಿಕಾ ಮೆಲ್ಲಗೆ, "ಅವತ್ತು ಎಡಗಾಲು ಇತ್ತಲ್ಲೋ? ಇವತ್ತು ಬಲಗಾಲಿಗೆ ಬಂತೇನು?"

ಗುಮಾಸ್ತರೆಲ್ಲ ಕಿಸಕ್ಕನೆ ನಕ್ಕರು. ಆ ನಗು ಕೇಳಿ ನನ್ನ ಮೈ ಉರಿಯಿತು. ಅದು ಹೊಸದಾಗಿ ತಿಳಿದವರ ನಗುವಲ್ಲ. ಎಲ್ಲರಿಗೂ ಮೊದಲೇ ಗೊತ್ತಿತ್ತು! ಸಾಹೇಬರು ಮಾತ್ರ ನಗು ನಿಲ್ಲಿಸಿ, ಕೆಮ್ಮಿ, "ವಿಚಾರಣೆ ಮಾಡಿಸ್ತೀವಿ. ಕೋಲು ಇಲ್ಲೇ ಇರಲಿ" ಎಂದರು.

ಅಂದಿನಿಂದ ನಾನು ಇಲ್ಲೇ ಇದ್ದೇನೆ, ಅಣ್ಣನ ಹಿಂದಿನ ಮೂಲೆಯಲ್ಲಿ. ನನ್ನ ಮೇಲೆ ಜೇಡ ಮನೆ ಕಟ್ಟಿದೆ. ವಿಚಾರಣೆ ನಡೆಯುತ್ತಿದೆಯಂತೆ. ನನಗಂತೂ ಅನುಮಾನ. ಕಾಳಿಕಾ ಮಾತ್ರ ಬಿಟ್ಟಿಲ್ಲ, ಬಂದು ಕೇಳಿ ಹೋಗುತ್ತಾಳೆ. ಹೊಸ ಕೋಲಿನ ಸದ್ದು ಪಡಸಾಲೆಯಲ್ಲಿ ಕೇಳಿದ ಕೂಡಲೇ ನಿಂಗರಾಜ ಕುಂಟುತ್ತಾನೆ. ಯಾವ ಕಾಲು ಎಂದು ಒಂದು ಗಳಿಗೆ ಯೋಚಿಸಿ, ಆಮೇಲೆ ಕುಂಟುತ್ತಾನೆ. ನನ್ನನ್ನು ಒಲೆಗೆ ಹಾಕುವ ಮನಸ್ಸು ಅವನಿಗಿದೆ, ಧೈರ್ಯವಿಲ್ಲ.

ಕೋಲು ಸಾಕ್ಷಿ ಹೇಳುತ್ತದೆಯೇ ಎಂದು ಕೇಳಿದರಲ್ಲ. ಇಗೋ, ಹೇಳಿದ್ದೇನೆ. ಈಗ ಬರೆದುಕೊಳ್ಳುವವರು ಯಾರು?