ಹಿರಿಯೂರು ಬಾರದ ಟಿವಿ

ಕೇಬಲ್ ತೆಗೆಸುವುದೋ ಬೇಡವೋ ಎಂದು ನಮ್ಮ ಯಜಮಾನರು ಶಿವಕುಮಾರಪ್ಪನವರು ಮೂರು ತಿಂಗಳು ಯೋಚಿಸಿದರು. ನನ್ನನ್ನು ಮದುವೆಯಾಗುವಾಗಲೂ ಇಷ್ಟು ಯೋಚಿಸಿರಲಿಲ್ಲ. ಒಮ್ಮೆ ದುಡ್ಡು ಕೊಟ್ಟು ಡಿಶ್ ಹಾಕಿಸಿದರೆ ತಿಂಗಳ ಬಾಡಿಗೆಯೇ ಇಲ್ಲವಂತೆ. ಕಾಯಿ ಮಂಡಿಯಲ್ಲಿ ಕೇಳಿದರು, ಕ್ಷೌರದಂಗಡಿಯಲ್ಲಿ ಕೇಳಿದರು, ಡಿಶ್ ನೋಡುವುದಕ್ಕೆಂದೇ ಹೊಳಲ್ಕೆರೆಯ ನಮ್ಮಣ್ಣನ ಮನೆಗೆ ಹೋಗಿ ಎರಡು ದಿನ ಉಂಡು ಬಂದರು. ಮನೆಯಲ್ಲಿ ಟಿವಿ ಮುಂದೆ ಕೂರುವವರು ನಮ್ಮತ್ತೆ ಕೊಟ್ರಮ್ಮ ಒಬ್ಬರೇ. ಅವರನ್ನು ಮಾತ್ರ ಕೇಳಲಿಲ್ಲ.

ಅತ್ತೆ ನೋಡುತ್ತಿದ್ದುದು ಧಾರಾವಾಹಿಯಲ್ಲ. ಕೇಬಲ್ ಜುಂಜಣ್ಣ ಹಿರಿಯೂರಿಗೆಂದೇ ಒಂದು ಲೋಕಲ್ ಚಾನೆಲ್ ನಡೆಸುತ್ತಿದ್ದ. ಹಳೆಯ ಸಿನಿಮಾ ಓಡುವಾಗ ಕೆಳಗೆ ಅಕ್ಷರಗಳು ಸರಿಯುತ್ತಿದ್ದವು: ಯಾರ ಮದುವೆ, ಎಲ್ಲಿ ಕರೆಂಟ್ ಇಲ್ಲ, ಯಾರು ತೀರಿಕೊಂಡರು, ಮಣ್ಣು ಮಾಡುವುದು ಎಷ್ಟು ಗಂಟೆಗೆ. ಅತ್ತೆ ತಮ್ಮ ಮೂರನೇ ಕ್ಲಾಸಿನ ಓದನ್ನೆಲ್ಲ ಅದಕ್ಕೇ ಖರ್ಚು ಮಾಡುತ್ತಿದ್ದರು. ಮಂಡಿನೋವೆಂದು ಸಂತೆಗೆ ಹೋಗುವುದನ್ನು ಬಿಟ್ಟಿದ್ದರೂ ಮಣ್ಣಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಗೊತ್ತಿದ್ದವರ ಹೆಸರು ಕಂಡರೆ ಸಾಕು, ಆಟೋ ಕರೆಸುತ್ತಿದ್ದರು. ನದಿಯಾಚೆಯ ಗಿರಿಯಮ್ಮ ಅವರ ಜೀವದ ಗೆಳತಿ. ಯಾರು ಮೊದಲು ಹೋದರೂ ಇನ್ನೊಬ್ಬರು ಬಂದು ಮುಖ ನೋಡಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು.

"ಕೇಬಲ್ ಇರ್ಲಿ ಬಿಡ್ರಿ, ಅತ್ತೆಗೆ ಊರ ಸುದ್ದಿ ಬೇಕು" ಎಂದೆ.

"ದಿಲ್ಲಿ ಸುದ್ದಿನೇ ಬರುತ್ತೆ ಕಣೇ. ಹಿರಿಯೂರು ಯಾವ ಮಹಾ?" ಎಂದರು.

ಹೇಳಿದವರ ಮಾತು ಕೇಳುವ ಜಾಯಮಾನ ಆ ವಂಶದಲ್ಲೇ ಇಲ್ಲ. ತಾರಸಿಯ ಮೇಲೆ ಡಿಶ್ ಬಂತು. ಇವರು ಬಂದವರಿಗೆಲ್ಲ ಚಿತ್ರ ಎಷ್ಟು ಸ್ವಚ್ಛ ನೋಡಿ ಎಂದು ತೋರಿಸಿದ್ದೇ ತೋರಿಸಿದ್ದು. ಅತ್ತೆ ಒಂದು ವಾರ ರಿಮೋಟ್ ಒತ್ತಿ ಒತ್ತಿ ಹಿರಿಯೂರನ್ನು ಹುಡುಕಿದರು. ಆಮೇಲೆ ಟಿವಿಗೆ ಬೆನ್ನು ಹಾಕಿ ಮಲಗತೊಡಗಿದರು. ನನಗೆ ರೇಗಿ ಹೋಗುತ್ತಿತ್ತು. ಆದರೂ ಸುಮ್ಮನಿದ್ದೆ, ಅದೇ ನನ್ನ ತಪ್ಪು.

ಮಳೆಗಾಲ ಶುರುವಾದಾಗ ಗಿರಿಯಮ್ಮನ ಮಗ ಮಂಜುನಾಥ ಬಂದ. ತಲೆ ಬೋಳಿಸಿದ್ದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಶಿವಗಣಾರಾಧನೆಯ ಕಾರ್ಡ್ ಚಾಚಿದ.

"ಅಮ್ಮ ಹೋಗಿ ಎಂಟು ದಿನ ಆತು ದೊಡ್ಡಮ್ಮ. ನೀವು ಮಣ್ಣಿಗೂ ಬರ್ಲಿಲ್ಲ" ಎಂದ.

ಅತ್ತೆ ಗೋಡೆ ಹಿಡಿದು ಎದ್ದರು. "ನಂಗ್ಯಾರು ಹೇಳಿದ್ರಪ್ಪ?"

"ಬೆಳಗ್ಗೆಯಿಂದ ಟಿವಿಯಾಗೆ ಹಾಕ್ಸಿದ್ವಲ್ಲ! ನೀವು ನೋಡೇ ನೋಡ್ತೀರ ಅಂತ ಬ್ಯಾರೆ ಹೇಳಿ ಕಳಿಸ್ಲಿಲ್ಲ. ನೀವು ಬರ್ತೀರ ಅಂತ ಸಂಜೆಗಂಟ ಮಣ್ಣು ತಡೆದಿದ್ವಿ."

ಇವರು ತಲೆ ತಗ್ಗಿಸಿ ಕುಳಿತಿದ್ದರು. ಮಂಜುನಾಥ ಹೋದ ಮೇಲೆ ಮೆಲ್ಲಗೆ ಬಾಯಿಬಿಟ್ಟರು. "ಜುಂಜಣ್ಣನ್ನ ಕರೆಸೋದಾ ಹೆಂಗೆ, ಯೋಚ್ನೆ ಮಾಡಾಣ."

"ನಿಮ್ಮ ಯೋಚ್ನೆಗಿಷ್ಟು ಬೆಂಕಿ ಹಾಕ! ಈಗ್ಲೇ ಹೋಗಿ ಕರ್ಕಂಡ್ ಬರ್ರಿ" ಎಂದು ಕೂಗಿದೆ. ಇವರು ಚಪ್ಪಲಿ ಮೆಟ್ಟಿದರು.

ಅತ್ತೆ ಕಾರ್ಡನ್ನು ಬೆಳಕಿಗೆ ಹಿಡಿದು, ಗೆಳತಿಯ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಓದಿ ಮುಗಿಸಿ ಮಗನತ್ತ ತಿರುಗಿದರು.

"ಈಗ್ಯಾಕಪ್ಪ ಹೋಗ್ತೀಯ, ಕುಂತ್ಕ. ನಾನು ನೋಡ್ಬೇಕಾಗಿದ್ದ ಹೆಸರು ಬಂದು ಹೋತು."