ಹತ್ತರಿಂದ ಭಾಗಿಸಿದ ಸಾಲು

ಆರು ಡೆಸಿಬೆಲ್ ಕೇಳಿದ್ದಕ್ಕೆ ಹನ್ನೆರಡು ಬಂದಿತ್ತು. ಅವಳು ಪರದೆಯ ಮೇಲಿನ ಮಾಪಕವನ್ನು ಇನ್ನೊಮ್ಮೆ ನೋಡಿದಳು. ಗಾಜಿನಾಚೆ, ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ, ದೊಡ್ಡಮ್ಮ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅವರ ಪಕ್ಕದಲ್ಲೇ, ಇವಳಿಗೆ ಬೆನ್ನು ಹಾಕಿದ್ದ ಕಿವಿ ಡಾಕ್ಟರು ಟ್ಯಾಬ್ಲೆಟ್ಟಿನಲ್ಲಿ ದನಿ ಏರಿಸುತ್ತಿದ್ದರು. ಹತ್ತು ಡೆಸಿಬೆಲ್. ಮಾಪಕ ಇಪ್ಪತ್ತಕ್ಕೆ ಹಾರಿತು.

ದೊಡ್ಡಮ್ಮನ ಎಡಗಿವಿ ಹೋಗಿ ಎರಡು ವರ್ಷ. ಉಳಿದದ್ದು ಬಲಗಿವಿ, ಅದೂ ಅರೆಬರೆ. ಜೋರು ಸದ್ದು ಬಿದ್ದರೆ ಅದೂ ಕೈಕೊಡುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಕಿವಿಯ ಯಂತ್ರಕ್ಕೆ ಪ್ರೋಗ್ರಾಂ ಬರೆದವಳು ಇವಳೇ. "ನಮ್ಮ ಹುಡುಗೀನೇ ಇರುವಾಗ ಬೇರೆಯವರು ಬರೆದದ್ದು ನನ್ನ ಕಿವಿಗ್ಯಾಕೆ?" ಎಂದು ದೊಡ್ಡಮ್ಮ ಹಟ ಹಿಡಿದಿದ್ದರು. ಇವತ್ತು ಮಾತಿನ ದನಿ ಇದ್ದದ್ದಕ್ಕಿಂತ ಮೂವತ್ತು ಡೆಸಿಬೆಲ್ ಜೋರಾಗುವವರೆಗೆ ಏರಬೇಕು. ಮಾತು ಸ್ಪಷ್ಟವಾದಾಗ ಅವರು ಕೈ ಎತ್ತಬೇಕು. ನೋವಾದರೆ ಬಾಯಿ ಬಿಡುವ ಹೆಂಗಸಲ್ಲ ಅವರು.

ಪ್ರೋಗ್ರಾಂನ ಆ ಸಾಲು ಕಣ್ಣಿಗೆ ಬಿತ್ತು. ಡೆಸಿಬೆಲ್ಲನ್ನು ಹತ್ತರಿಂದ ಭಾಗಿಸಿದ್ದಳು. ಶಕ್ತಿಯನ್ನು ಗುಣಿಸುವುದಾದರೆ ಅದು ಸರಿ. ಇವಳು ಗುಣಿಸಿದ್ದು ದನಿಯ ಅಲೆಯ ಅಂಕಿಗಳನ್ನು. ಅಲೆ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ, ಅದಕ್ಕೇ ಅಲ್ಲಿ ಇಪ್ಪತ್ತರಿಂದ ಭಾಗಿಸಬೇಕು. ಮನೆಯಲ್ಲಿ ಪರೀಕ್ಷಿಸಿದ್ದು ಸೊನ್ನೆಯಲ್ಲಿಟ್ಟು. ಸೊನ್ನೆಯನ್ನು ಯಾವುದರಿಂದ ಭಾಗಿಸಿದರೇನು? ಮೂವತ್ತು ಕೇಳಿದರೆ ಈಗ ಅರವತ್ತು ಹೋಗುತ್ತದೆ.

"ಸಾರ್, ನಿಲ್ಸಿ!"

ಗೋಡೆ ಆ ಕೂಗನ್ನು ಕುಡಿದುಬಿಟ್ಟಿತು. ಗಾಜು ಗುದ್ದಿದಳು, ಡಾಕ್ಟರು ತಿರುಗಲಿಲ್ಲ. ಮೇಜಿನ ಮೇಲೆ ಮೈಕು ಇತ್ತು. ಆದರೆ ಅದರ ದನಿಯೂ ಇದೇ ಪ್ರೋಗ್ರಾಂ ಹಾದು ದೊಡ್ಡಮ್ಮನ ಕಿವಿಗೇ ಬಡಿಯುತ್ತದೆ. ಚಾಚಿದ ಕೈ ಹಿಂದಕ್ಕೆ ಬಂತು. ಹನ್ನೆರಡು. ಮಾಪಕದಲ್ಲಿ ಇಪ್ಪತ್ನಾಲ್ಕು. ಮೇಜಿನಡಿಗೆ ಬಗ್ಗಿ, ಗೋಡೆ ಹಾದು ಹೆಡ್‌ಫೋನಿಗೆ ಹೋಗಿದ್ದ ವೈರನ್ನೇ ಕಿತ್ತಳು.

ಡಾಕ್ಟರು ಬಾಗಿಲು ತೆರೆದರು. "ಏನಮ್ಮಾ ಇದು, ಚೆನ್ನಾಗಿ ನಡೀತಿತ್ತಲ್ಲ?"

"ತಪ್ಪು ನಂದು ಸಾರ್. ನೀವು ಏರಿಸಿದ್ದರ ಎರಡರಷ್ಟು ಹೋಗ್ತಿದೆ."

ಡಾಕ್ಟರು ಕೈಯಲ್ಲಿದ್ದ ಟ್ಯಾಬ್ಲೆಟ್ ನೋಡಿಕೊಂಡರು. "ಇಪ್ಪತ್ತಕ್ಕೆ ಹಾಕೋದ್ರಲ್ಲಿದ್ದೆ," ಎಂದರು, ಮೆಲ್ಲಗೆ.

ಒಳಗಿನಿಂದ ದೊಡ್ಡಮ್ಮ ಹೆಡ್‌ಫೋನ್ ತೆಗೆದು ಕೂಗಿದರು: "ಏನೇ, ಕರೆಂಟ್ ಹೋಯ್ತಾ?"

"ಇಲ್ಲ ದೊಡ್ಡಮ್ಮಾ, ನನ್ನ ತಲೆ ಹೋಗಿತ್ತು!"

"ಅದು ಯಾವಾಗ ಇತ್ತು?"

ಅವಳಿಗೆ ನಗು ಬರಲಿಲ್ಲ. ಸಾಲು ತಿದ್ದಿ, ವೈರನ್ನು ಮತ್ತೆ ಸಿಕ್ಕಿಸಿದಳು. ಹೆಡ್‌ಫೋನನ್ನು ಬರಿಯ ಮೇಜಿನ ಮೇಲಿಟ್ಟು ಮೂರು ಸಲ ಅಳೆದಳು. ಆರಕ್ಕೆ ಆರು. ಹತ್ತಕ್ಕೆ ಹತ್ತು. ಮೂವತ್ತಕ್ಕೆ ಮೂವತ್ತು.

ಡಾಕ್ಟರು ಒಳಹೋದರು, ಮತ್ತೆ ಬಾಗಿಲು ಮುಚ್ಚಿತು. ಈಗ ದೊಡ್ಡಮ್ಮನಿಗೆ ಕೇಳಿಸುತ್ತಿದ್ದದ್ದು ಇವಳು ಮೊದಲೇ ಮುದ್ರಿಸಿಟ್ಟಿದ್ದ ತನ್ನದೇ ದನಿ, ಚಿಕ್ಕಂದಿನಲ್ಲಿ ದೊಡ್ಡಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ ಪದ್ಯ. ಹನ್ನೆರಡು. ಇಪ್ಪತ್ತು. ದೊಡ್ಡಮ್ಮನ ಮುಖ ಕದಲಲಿಲ್ಲ. ಇಪ್ಪತ್ತೈದು. ಮೂವತ್ತು.

ದೊಡ್ಡಮ್ಮನ ಕೈ ಸರ್ರನೆ ಮೇಲೆದ್ದಿತು.

"ನಿಲ್ಸೇ," ಎಂದಿತು ಮೇಜಿನ ಮೇಲಿನ ಸ್ಪೀಕರು, ದೊಡ್ಡಮ್ಮನ ದನಿಯಲ್ಲಿ. "ಮೂರನೇ ಸಾಲು ನುಂಗಿಬಿಟ್ಟಿದ್ದೀಯ."

ಅವಳು ಮೈಕನ್ನು ಹತ್ತಿರಕ್ಕೆಳೆದುಕೊಂಡಳು. ಮೂರನೇ ಸಾಲನ್ನು ಮೆಲುದನಿಯಲ್ಲಿ ಹೇಳಿದಳು. ಗಾಜಿನಾಚೆ ದೊಡ್ಡಮ್ಮನ ತುಟಿಗಳು ಅವಳ ಜೊತೆಜೊತೆಗೇ ಆಡುತ್ತಿದ್ದವು.