ಪಕ್ಕದ ಹಾಸಿಗೆಯವನಿಗೆ ಮಾಡಿದ ಎಕೋ

ಐಸಿಯು ವೈದ್ಯರ ಚಹಾ ಕೋಣೆಯಲ್ಲಿ ಯಾರೋ ಎಲೆಕೋಸಿನ ಸೂಪು ಬಿಸಿಮಾಡಿದ್ದರು. ಡಾಕ್ಟರ್ ಕೋಲಿನ್ ಪೆನ್‌ಹಾಲ್ ಬಾಗಿಲಲ್ಲೇ ನಿಂತು, ಒಳಗಿದ್ದ ಕಿರಿಯರನ್ನೆಲ್ಲ ಆರೋಪಿಗಳಂತೆ ಒಮ್ಮೆ ನೋಡಿದ. ಯಾರೂ ಒಪ್ಪಿಕೊಳ್ಳಲಿಲ್ಲ. ಅವನು ಟೋಸ್ಟಿಗೆ ವೆಜಿಮೈಟ್ ಎಂಬ ಉಪ್ಪುಪ್ಪು ಕಪ್ಪು ಲೇಪ ಸವರಿಕೊಂಡು ಕಿಟಕಿಯ ಬಳಿ ಕುಳಿತ. ಹೊರಗೆ ಅಡಿಲೇಡಿನ ಫೆಬ್ರವರಿ ಬಿಸಿಲು ಆಗಲೇ ಕಾರುಗಳ ಮೇಲೆ ಕುದಿಯುತ್ತಿತ್ತು.

ಆ ಊರಿನ ಜನ ವೈನಿನ ರುಚಿ ಬೆಳೆಸಿಕೊಳ್ಳುವಂತೆ ಕೋಲಿನ್ ತಿರಸ್ಕಾರದ ರುಚಿ ಬೆಳೆಸಿಕೊಂಡಿದ್ದ. ಯಾವ ಸೊಕ್ಕು ಯಾವ ದಡ್ಡತನದಿಂದ ಬಂದದ್ದು ಎಂದು ಒಂದೇ ಗುಟುಕಿಗೆ ಹೇಳಬಲ್ಲೆನೆಂಬ ಹೆಮ್ಮೆ ಅವನಿಗಿತ್ತು. ಅವನ ತಿರಸ್ಕಾರದ ಮೊದಲ ಪಾಲು ತಾವೇ ತಂದುಕೊಂಡ ಕಾಯಿಲೆಯಿಂದ ಹಾಸಿಗೆ ಹಿಡಿಯುವವರಿಗೆ ಮೀಸಲು. ಅವನ ಕೈಕೆಳಗೆ ಕಲಿಯುತ್ತಿದ್ದ ಟ್ಯಾಮ್ಸಿನ್ ಈ ರುಚಿಯನ್ನು ಬೇಗ ಅರ್ಥಮಾಡಿಕೊಂಡಿದ್ದಳು. ಅಂದು ಬೆಳಗ್ಗೆ ರೋಗಿಗಳ ವಿವರ ಒಪ್ಪಿಸುವಾಗ ಎಂಟನೇ ಹಾಸಿಗೆಯ ಗ್ರಹಾಮ್ ಹ್ಯಾಲೆಟ್ ಬಗ್ಗೆ ಅವಳು ವಿಸ್ತಾರವಾಗಿ ಮಾತಾಡಿದಳು: ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಭಾನುವಾರಗಳಂದು ಕಡಲತೀರದಲ್ಲಿ ಮುಳುಗುವವರನ್ನು ಕಾಪಾಡುವ ಸ್ವಯಂಸೇವಕ, ಫ್ಲೂ ಜ್ವರ ಹೃದಯಕ್ಕೆ ಇಳಿದಿದೆ. ಒಂಬತ್ತನೆಯದಕ್ಕೆ ಬಂದಾಗ ಒಂದೇ ಪದ ಸಾಕಾಯಿತು.

"ಐಸ್," ಎಂದಳು.

ಕೆಲವರು ನಕ್ಕರು. ಐಸ್ ಎಂದರೆ ಆ ದೇಶದ ಸಣ್ಣ ಊರುಗಳನ್ನು ತಿನ್ನುತ್ತಿರುವ ಹರಳಿನಂಥ ಮಾದಕ. ಗಾಜಿನ ಕೊಳವೆಯಲ್ಲಿ ಸುಟ್ಟು ಸೇದುತ್ತಾರೆ. ವರ್ಷಗಟ್ಟಲೆ ಸೇದಿದರೆ ಹೃದಯ ಹಿಗ್ಗಿ ಸೋತು ಹೋಗುತ್ತದೆ. ಒಂಬತ್ತನೇ ಹಾಸಿಗೆಯವನ ಹೆಸರು ಬ್ರೋಡಿ, ಪೋರ್ಟ್ ಪಿರಿ ಎಂಬ ಊರಿನ ಸೀಸದ ಕಾರ್ಖಾನೆಯಿಂದ ಕೆಲಸ ಬಿಡಿಸಿಕೊಂಡವನು. ಮೇಷ್ಟ್ರಂತೆಯೇ ಅವನ ಹೃದಯದ ಕೆಲಸವನ್ನೂ ಎಕ್ಮೋ ಯಂತ್ರವೇ ಮಾಡುತ್ತಿತ್ತು. ಯಂತ್ರ ಒಂದು ಕೊಳವೆಯಿಂದ ದೇಹದ ರಕ್ತ ಎಳೆದುಕೊಂಡು, ಆಮ್ಲಜನಕ ತುಂಬಿಸಿ, ಇನ್ನೊಂದರಿಂದ ಒಳಗೆ ತಳ್ಳುತ್ತಿತ್ತು. ಉಸಿರಿಗೆ ವೆಂಟಿಲೇಟರ್. ಇಬ್ಬರ ನಡುವೆ ಇದ್ದದ್ದು ಒಂದು ಪರದೆ ಮಾತ್ರ.

ಅಂದು ಕೋಲಿನ್ ಮೊದಲು ಮೇಷ್ಟ್ರ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದ. ಅದರಲ್ಲಿ ಅವನನ್ನು ಮೀರಿಸುವವರು ಆ ಆಸ್ಪತ್ರೆಯಲ್ಲಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತ. ದೀಪ ಮಂಕಾಗಿಸಿದ. ವೆಂಟಿಲೇಟರ್ ತುಂಬಿದ ಗಾಳಿಯಿಂದ ಹಿಗ್ಗಿದ ಶ್ವಾಸಕೋಶ ಹೃದಯವನ್ನು ಮರೆಮಾಡುತ್ತದೆ. ಅದಕ್ಕೇ ನರ್ಸ್ ಮರಿಸೆಲ್ ಕೈಯಲ್ಲಿ ರೋಗಿಯನ್ನು ತುಸು ಎಡಕ್ಕೆ ವಾಲಿಸಿ, ಪಕ್ಕೆಲುಬುಗಳ ಸಂದಿನಲ್ಲಿ ಸ್ಕ್ಯಾನಿನ ಪ್ರೋಬ್ ಇಟ್ಟು ಹುಡುಕಿದ. ಆಮೇಲೆ ಯಂತ್ರದ ಹರಿವನ್ನು ಮೆಲ್ಲಗೆ ಇಳಿಸುತ್ತ ಹೋಗಲು ಹೇಳಿ, ಪ್ರತಿ ಇಳಿತಕ್ಕೂ ಹೃದಯ ಎಷ್ಟು ತುಂಬುತ್ತದೆ, ಎಷ್ಟು ಹೊರಚೆಲ್ಲುತ್ತದೆ ಎಂದು ಅಳೆದ. ಮೇಷ್ಟ್ರ ಹೃದಯ ತುಸು ಸುಧಾರಿಸಿತ್ತು. ಹೊರಗೆ ಬಂದು ಮೇಷ್ಟ್ರ ಹೆಂಡತಿ ಗ್ಲೆನಿಸ್‌ಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಆಕೆ ಅವನ ಎರಡೂ ಕೈ ಹಿಡಿದುಕೊಂಡಳು.

ಬ್ರೋಡಿಯ ಎಕೋಗೆ ಅವನು ಕುಳಿತುಕೊಳ್ಳಲಿಲ್ಲ. ಪರದೆ ಸರಿಸಿದಾಗ ಕಂಡದ್ದು ಕೊಳೆತ ಹಲ್ಲುಗಳು, ಪಕ್ಕೆಯ ಮೇಲೆ ತನಗೆ ಕಂಡರಾಗದ ಫುಟ್‌ಬಾಲ್ ತಂಡದ ಹಚ್ಚೆ. ಎದೆಗೂಡಿನ ಕೆಳಗೆ ಒಂದೇ ಕಡೆ ಪ್ರೋಬ್ ಒತ್ತಿ ನೋಡಿದ. ಎಕೋ ತೆರೆಯ ಮೇಲೆ ದೊಡ್ಡದೊಂದು ಹೃದಯ ನಿಂತ ನೀರಿನಂತೆ ಇತ್ತು. ಮಹಾಧಮನಿಯ ಕವಾಟ ಮುಚ್ಚಿಯೇ ಇತ್ತು.

"ಸತ್ತ ಹೃದಯ," ಎಂದು ಟ್ಯಾಮ್ಸಿನ್‌ಗೆ ಹೇಳಿ, ಬ್ರೋಡಿಯ ಮೈಗಂಟಿದ ಜೆಲ್ ಒರೆಸದೆ ಪ್ರೋಬನ್ನು ಕೊಕ್ಕೆಗೆ ಸಿಕ್ಕಿಸಿದ. ಮಧ್ಯಾಹ್ನ ಮನೆಯವರನ್ನು ಕರೆಯಲು ಹೇಳಿದ. ಯಂತ್ರ ನಿಲ್ಲಿಸುವ ಮಾತು.

ಮನೆಯವರು ಎಂದರೆ ಅಕ್ಕ ಲೀಆನ್ ಒಬ್ಬಳೇ. ಪೋರ್ಟ್ ಪಿರಿಯ ಅಂಗಡಿಯೊಂದರಲ್ಲಿ ಮೀನು, ಆಲೂಗಡ್ಡೆ ಕರಿಯುವ ಕೆಲಸ. ಇಲ್ಲಿ ಊರಾಚೆ, ಅಗ್ಗದ ಗಾಡಿಮನೆಗಳ ಕ್ಯಾರವಾನ್ ಪಾರ್ಕಿನಲ್ಲಿ ಇಳಿದುಕೊಂಡಿದ್ದಳು. ಇಂಥ ಮಾತಿಗೆಂದೇ ಇದ್ದ ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ, ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನು ಅವಳು ಮೊದಲೇ ಆಚೆಗೆ ತಳ್ಳಿ ಕುಳಿತಿದ್ದಳು. ಮರಿಸೆಲ್ ಅವಳ ಪಕ್ಕದಲ್ಲಿದ್ದಳು.

ಕೋಲಿನ್ ಈ ಮಾತನ್ನು ಎಷ್ಟೋ ಸಲ ಆಡಿದ್ದವನು. ದನಿ ತಗ್ಗಿಸಿ, ನಡುನಡುವೆ ತಡೆದು, ಹೃದಯ ಚೇತರಿಸಿಕೊಳ್ಳುವ ಲಕ್ಷಣವಿಲ್ಲವೆಂದೂ ಯಂತ್ರ ಇನ್ನು ಕಷ್ಟವನ್ನಷ್ಟೇ ಬೆಳೆಸುತ್ತದೆಂದೂ ವಿವರಿಸಿದ. ಲೀಆನ್ ತಲೆಯಾಡಿಸುತ್ತ ಕೇಳಿದಳು. ಅವನು ಮುಗಿಸಿದ ಮೇಲೆ, ಒಂದು ಮಾತು ಕೇಳಬಹುದೇ ಎಂದಳು.

"ಪಕ್ಕದ ಹಾಸಿಗೆಯವ್ರ ಹೆಂಡ್ತಿ ಗ್ಲೆನಿಸ್ ಇದ್ದಾರಲ್ಲ ಕೋಲಿನ್, ಬೆಳಗ್ಗೆ ಕಾಯೋ ಕೋಣೇಲಿ ನಂಗೂ ತಿನ್ನೋಕೆ ಒಂದು ಪೈ ತಂದ್ಕೊಟ್ರು. ಅವ್ರ ಗಂಡಂಗೆ ನೀವು ಮೆಷೀನು ಸ್ವಲ್ಪ ಸ್ವಲ್ಪನೇ ಕಮ್ಮಿ ಮಾಡಿ, ಹೃದಯ ತಾನಾಗೇ ಎಷ್ಟು ಕೆಲಸ ಮಾಡತ್ತೆ ಅಂತ ಕೂತು ನೋಡಿದ್ರಂತೆ. ಮೆಷೀನು ಪೂರ್ತಿ ಓಡೋವಾಗ ಅವ್ರ ಹೃದಯಾನೂ ಅಲ್ಲಾಡ್ತಾನೇ ಇರ್ಲಿಲ್ವಂತೆ. ನನ್ನ ತಮ್ಮಂಗೂ ಹಾಗೇ ನೋಡಿದ್ರಾ?"

"ಇಬ್ರದ್ದೂ ಬೇರೆ ಬೇರೆ ಕಾಯಿಲೆ, ಲೀಆನ್."

"ಕಾಯಿಲೆ ಕೇಳ್ಲಿಲ್ಲ ನಾನು. ನೋಡಿದ್ರಾ ಅಂತ ಕೇಳ್ದೆ."

ಮರಿಸೆಲ್ ತನ್ನ ಬೂಟಿನ ತುದಿ ನೋಡತೊಡಗಿದಳು. ಕೋಲಿನ್‌ಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವನು ನಿಜ ಹೇಳುತ್ತಿದ್ದ, ಅಥವಾ ನಿಜವೆಂದು ತಾನು ನಂಬಿದ್ದನ್ನು.

"ನೋಡಿ, ಮೂರನೇ ಸಲ ಅವ್ನು ಆಸ್ಪತ್ರೆಗೆ ಬಂದಿರೋದು. ಹೋದ ಸಲ ಕೊಟ್ಟ ಮಾತ್ರೆ ಒಂದಾದ್ರೂ ನುಂಗಿದ್ನಾ? ಎದ್ದರೂ ಮುಂದಿನ ತಿಂಗಳು ಮತ್ತೆ ಅದನ್ನೇ ಸೇದ್ತಾನೆ. ನಮ್ಮ ಹತ್ರ ಮೆಷೀನುಗಳು ಬೇಕಾದಷ್ಟಿಲ್ಲ. ನಾಳೆ ಒಂದು ಬಾಣಂತಿ ಬರ್ಬಹುದು. ಅವಳಿಗೆ ಏನು ಹೇಳ್ಲಿ ನಾನು?"

"ಸೇದ್ತಾನೆ. ಸೇದ್ದೆ ಏನ್ಮಾಡ್ತಾನೆ. ನಮ್ಮಮ್ಮನ ಹೊಲಿಗೆ ಮೆಷೀನು ಮಾರ್ಕೊಂಡು ಸೇದ್ದೋನು ಅವ್ನು. ಅವಳ್ನ ಮಣ್ಣು ಮಾಡಿದ ದಿನ ನಿಲ್ಲಕ್ಕಾಗ್ದೆ ನನ್ನ ಹೆಗಲ ಮೇಲೆ ಬಿದ್ದೋನು." ಅವಳ ದನಿ ಏರಲಿಲ್ಲ. "ಅವ್ನನ್ನ ಕಂಡ್ರೆ ನಿಮ್ಗೆ ಅಸಹ್ಯ ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ. ನನ್ನಷ್ಟು ಅಸಹ್ಯ ನಿಮ್ಗಿಲ್ಲ ಬಿಡಿ. ಆದ್ರೆ ನಾನು ಮೀನು ಕರಿಯೋಳು. ನಂಗೆ ಕೋಪ ಬಂದ್ರೆ ಒಂದು ಮೀನು ಸೀದು ಹೋಗತ್ತೆ, ಅಷ್ಟೆ. ನಿಮ್ಮ ಕೈಲಿ ಅವ್ನ ಹೃದಯ ಇದೆ. ಬಾಣಂತಿ ಬಂದ್ರೆ ಬರ್ಲಿ, ಅವಾಗ ನೀವೇ ಹೇಳಿ, ನಾನೇ ಸೈ ಅಂತೀನಿ. ಸರಿಯಾಗಿ ನೋಡಿ ಹೇಳಿ."

ಕೋಲಿನ್ ಉತ್ತರಕ್ಕೆ ಬಾಯಿ ತೆರೆದ. ಅವಳಿಗೆ ಅರ್ಥವಾಗದ ನಾಲ್ಕು ಪದಗಳು ಅವನ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಆದರೆ ಅವೇ ಪದಗಳಲ್ಲಿ ಅವನು ಪ್ರತಿ ವರ್ಷ ಪಾಠ ಮಾಡುತ್ತಿದ್ದ. ಯಂತ್ರ ಪೂರ್ತಿ ಓಡುವಾಗ ಹೃದಯಕ್ಕೆ ರಕ್ತವೇ ಸಾಕಷ್ಟು ಬರುವುದಿಲ್ಲ. ಬಂದದ್ದನ್ನೂ ಯಂತ್ರದ ಒತ್ತಡಕ್ಕೆ ಎದುರಾಗಿ ತಳ್ಳಬೇಕು. ಆಗ ಬದುಕಿರುವ ಹೃದಯವೂ ಸತ್ತಂತೆ ಕಾಣುತ್ತದೆ. ಹರಿವು ಇಳಿಸದೆ ತೀರ್ಪು ಕೊಡುವವರ ಚಿತ್ರಗಳನ್ನು ತೋರಿಸಿ ಅವನು ಗೇಲಿ ಮಾಡುತ್ತಿದ್ದ, ಕಿರಿಯರು ನಗುತ್ತಿದ್ದರು. ಬೆಳಗ್ಗೆ ಬ್ರೋಡಿಯ ರಕ್ತದೊತ್ತಡದ ಗೆರೆಯಲ್ಲಿ ಸಣ್ಣದೊಂದು ಅಲೆ ಇದ್ದದ್ದು ಅವನಿಗೆ ಈಗ ನೆನಪಾಯಿತು. ಹೃದಯ ಅಷ್ಟಿಷ್ಟು ತಳ್ಳದೆ ಆ ಅಲೆ ಬರಲು ಸಾಧ್ಯವಿರಲಿಲ್ಲ. ಕಂಡಿತ್ತು, ಕಂಡದ್ದನ್ನು ಬೇಡವೆಂದು ಬಿಟ್ಟಿದ್ದ. ಅಳೆಯದೇ ಅಳತೆ ಹೇಳಿದ್ದ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಬಗ್ಗೆ ತಾನು ಏನನ್ನುತ್ತಿದ್ದೆ ಎಂಬುದು ಅವನಿಗೆ ಅಕ್ಷರಶಃ ಗೊತ್ತಿತ್ತು.

"ಇಲ್ಲ," ಎಂದ. "ನೋಡ್ಲಿಲ್ಲ."

"ಮತ್ತೆ ನನ್ನನ್ನ ಇಲ್ಲಿ ಯಾಕೆ ಕೂರಿಸಿದ್ರಿ?"

ಕೋಲಿನ್ ಎದ್ದು ಬಾಗಿಲು ತೆರೆದು, ಅವಳೂ ಬಂದು ನೋಡಬಹುದೆಂದು ಹೇಳಿದ. ಹಾಗೆ ಮನೆಯವರನ್ನು ಎಕೋ ಹೊತ್ತಿಗೆ ಒಳಗೆ ಬಿಡುವ ರೂಢಿ ಅವನದಲ್ಲ. ಮರಿಸೆಲ್ ಹುಬ್ಬೇರಿಸಿದಳು.

ಈ ಸಲ ಕುರ್ಚಿ ಎಳೆದುಕೊಂಡ. ಹರಿವು ನಿಧಾನವಾದಾಗ ರಕ್ತ ಹೆಪ್ಪುಗಟ್ಟದಂತೆ ಔಷಧಿ ಸಾಕಷ್ಟಿದೆಯೇ ಎಂದು ಮರಿಸೆಲ್‌ಳನ್ನು ಕೇಳಿ ಖಚಿತಪಡಿಸಿಕೊಂಡ. ಬ್ರೋಡಿಯನ್ನು ಎಡಕ್ಕೆ ವಾಲಿಸಿದರು. ಬೆಳಗಿನ ಜೆಲ್ ಹೊಟ್ಟೆಯ ಮೇಲೆ ಒಣಗಿ ಪೊರೆಗಟ್ಟಿತ್ತು. ಲೀಆನ್ ಅದನ್ನು ನೋಡಿದಳು. ಕೋಲಿನ್ ತಾನೇ ಬಿಸಿನೀರಿನ ಬಟ್ಟೆ ತೆಗೆದುಕೊಂಡು ಒರೆಸಿದ. ಪಕ್ಕೆಯ ಹಚ್ಚೆಯ ಮೇಲೆಯೇ ಹೃದಯ ಕಾಣುವ ಒಳ್ಳೆಯ ಕಿಂಡಿ ಸಿಕ್ಕಿತು.

ಪೂರ್ತಿ ಹರಿವಿನಲ್ಲಿ ಬೆಳಗಿನದೇ ಚಿತ್ರ. ಮರಿಸೆಲ್ ಯಂತ್ರದ ಗುಂಡಿಯನ್ನು ತುಸು ತಿರುಗಿಸಿದಳು. ಕಾದರು. ಇನ್ನೂ ತುಸು. ಹೃದಯ ಹಿಗ್ಗಿತು, ಹೊರಳಿತು. ಕೋಲಿನ್‌ನ ಕಣ್ಣು ಒಮ್ಮೆ ರಕ್ತದೊತ್ತಡದತ್ತ, ಒಮ್ಮೆ ಚಿತ್ರದತ್ತ. ಅರ್ಧಕ್ಕೆ ಇಳಿದಾಗ ಕವಾಟದ ಬಿಳಿ ಗೆರೆ ಬಿರಿಯಿತು, ಮುಚ್ಚಿತು. ಒಂದು ಬಡಿತ ಬಿಟ್ಟು ಇನ್ನೊಂದಕ್ಕೆ ಮತ್ತೆ. ಇನ್ನಷ್ಟು ಇಳಿಸಿದಾಗ ಪ್ರತಿ ಬಡಿತಕ್ಕೂ ಬಿರಿಯತೊಡಗಿತು. ಹೊರಚೆಲ್ಲುವ ರಕ್ತವನ್ನು ಅವನು ಅಳೆದ, ಮತ್ತೆ ಅಳೆದ. ಮೇಷ್ಟ್ರದ್ದಕ್ಕಿಂತ ಬಹಳ ಕಡಿಮೆ. ಆದರೆ ಅದು ಸೊನ್ನೆಯಾಗಿರಲಿಲ್ಲ.

"ಇದು ಬದುಕೋ ಹೃದಯ ಅಂತ ನಾನು ಹೇಳಲ್ಲ, ಲೀಆನ್. ಬೆಳಗ್ಗೆ ನಾನು ಸತ್ತಿದೆ ಅಂದಿದ್ದೆ, ಅದು ಸುಳ್ಳು. ಇನ್ನೂ ಕೆಲವು ದಿನ ಕಾಯೋಣ. ಮತ್ತೆ ಹೀಗೇ ನೋಡ್ತೀನಿ."

ಅವಳು ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಎಕೋ ತೆರೆಯ ಹತ್ತಿರ ಬಗ್ಗಿ, ಮೈಗಳ್ಳನಂತೆ ಏಳುತ್ತಾ ಬೀಳುತ್ತಾ ಇದ್ದ ಆ ಬೂದು ಆಕಾರವನ್ನು ದುರುಗುಟ್ಟಿ ನೋಡಿದಳು.

"ಥೂ, ಸೋಮಾರಿ," ಎಂದಳು ತಮ್ಮನಿಗೆ. "ಮಾಡೋ ಕೆಲಸ ಸರಿಯಾಗಿ ಮಾಡೋ."

ಹರಿವು ಮತ್ತೆ ಏರಿಸುವ ಹೊತ್ತಾಗಿತ್ತು. ಕೋಲಿನ್ ಮರಿಸೆಲ್‌ಗೆ ಕಣ್ಣಲ್ಲೇ ಸೂಚಿಸಿದ. ಅಳೆಯಬೇಕಾದದ್ದೆಲ್ಲ ಅಳೆದಾಗಿತ್ತು, ಪ್ರೋಬ್ ಹಿಡಿದ ತೋಳು ಜೋಮು ಹಿಡಿದಿತ್ತು. ಆದರೂ ಲೀಆನ್ ನೋಡುತ್ತಲೇ ಇದ್ದಳು. ಸಾಕೇ ಎಂದು ಅವನು ಕೇಳಲಿಲ್ಲ. ಕೈ ಅಲುಗದಂತೆ ಮೊಣಕೈಯನ್ನು ಬ್ರೋಡಿಯ ಹಾಸಿಗೆಗೆ ಊರಿ, ಅವಳು ತಾನಾಗಿ ಕಣ್ಣು ತೆಗೆಯುವವರೆಗೂ ಹಿಡಿದುಕೊಂಡು ಕುಳಿತ.